ಕೈಕೆಲಸವನ್ನು ತೋರಿಸುವುದು ಗರ್ವವೇ?

ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುವ ಒಂದು ಮಾತಿನಿಂದ ಈ ವಿಚಾರವನ್ನು ಆರಂಭಿಸೋಣ. ಒಬ್ಬ ತಾಯಿ ತಿಂಗಳುಗಟ್ಟಲೆ ಕೂತು ಒಂದು ಕೌದಿ ಹೊಲಿದಿರುತ್ತಾಳೆ. ಇಲ್ಲವೇ ಹುಟ್ಟಲಿರುವ ಮೊಮ್ಮಗುವಿಗೆಂದು ಉಲ್ಲನ್ ಟೊಪ್ಪಿ ಹೆಣೆದಿರುತ್ತಾಳೆ. ಮನೆಗೆ ಬಂದ ನೆಂಟರು ಅದನ್ನು ಕೈಗೆತ್ತಿಕೊಂಡು, "ಎಷ್ಟು ಚೆನ್ನಾಗಿದೆ, ಯಾರು ಮಾಡಿದ್ದು?" ಎಂದು ಕೇಳುತ್ತಾರೆ. ಆಕೆ ಅದನ್ನು ಬೇಗಬೇಗನೆ ಮಡಿಸಿಟ್ಟು, "ಏನಿಲ್ಲ ಬಿಡಿ, ಸುಮ್ಮನೆ ಹೊತ್ತು ಹೋಗಲೆಂದು ಮಾಡಿದ್ದು" ಎನ್ನುತ್ತಾಳೆ. ಮಾತು ಅಲ್ಲಿಗೇ ಮುಗಿಯುತ್ತದೆ, ಎಲ್ಲರೂ ಕಾಫಿಗೆ ಏಳುತ್ತಾರೆ.

ಇದನ್ನು ನಾವು ನಮ್ರತೆ ಎಂದು ಕರೆಯುತ್ತೇವೆ. ಅದೇ ತಾಯಿ ಹೊಲಿಗೆ, ಹೆಣಿಗೆ, ಕಸೂತಿ ಬಲ್ಲ ನಾಲ್ಕು ಮಂದಿಯ ಸಂಘಕ್ಕೆ ಸೇರಿ, ತಿಂಗಳಿಗೊಮ್ಮೆ ತನ್ನ ಕೆಲಸವನ್ನು ಒಯ್ದು ಎಲ್ಲರ ಮುಂದೆ ಬಿಡಿಸಿ ತೋರಿಸಿದರೆ ಏನೆನ್ನುತ್ತೇವೆ? "ಈ ವಯಸ್ಸಿನಲ್ಲಿ ಇವಳಿಗೇಕೆ ಮೆರೆದಾಟ?" ಎನ್ನುವವರು ಇದ್ದೇ ಇರುತ್ತಾರೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಇದು: ನಮ್ಮ ಕೈಯಿಂದಾದ ಒಳ್ಳೆಯ ಕೆಲಸವನ್ನು ಮರೆಮಾಡುವುದೇ ನಮ್ರತೆಯೇ? ತೋರಿಸುವುದೆಲ್ಲವೂ ಗರ್ವವೇ?

ಯೊಪ್ಪದ ಮೇಲ್ಮಾಳಿಗೆಯಲ್ಲಿ

ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ದೋರ್ಕಳ ವೃತ್ತಾಂತವಿದೆ. ತಬಿಥಾ ಎಂಬುದು ಅವಳ ಇನ್ನೊಂದು ಹೆಸರು. ಯೊಪ್ಪ ಪಟ್ಟಣದ ಈ ಶಿಷ್ಯೆ ಬಡವರಿಗೆ ನೆರವಾಗುತ್ತಿದ್ದಳು. ಕಾಯಿಲೆ ಬಿದ್ದು ತೀರಿಕೊಂಡಾಗ ಅವಳ ದೇಹವನ್ನು ಮೇಲ್ಮಾಳಿಗೆಯಲ್ಲಿ ಮಲಗಿಸಿದರು. ಸಂತ ಪೇತ್ರರು ಅಲ್ಲಿಗೆ ಬಂದಾಗ ಊರಿನ ವಿಧವೆಯರೆಲ್ಲ ಅವರನ್ನು ಸುತ್ತುವರಿದು ಅಳುತ್ತಾ, ದೋರ್ಕಳು ತಮ್ಮೊಡನೆ ಇದ್ದಾಗ ಹೊಲಿದುಕೊಟ್ಟ ಅಂಗಿಗಳನ್ನೂ ಮೇಲಂಗಿಗಳನ್ನೂ ತೋರಿಸಿದರು.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಮುಂದೆ ನಡೆದ ಅದ್ಭುತಕ್ಕಾಗಿ ನೆನೆಯುತ್ತೇವೆ. ಈ ಬಟ್ಟೆಗಳ ಮಾತನ್ನು ಓದಿ ದಾಟಿಬಿಡುತ್ತೇವೆ. ಆದರೆ ಗಮನಿಸಿ. ದೋರ್ಕಳು ಆಡಿದ ಒಂದೇ ಒಂದು ಮಾತೂ ಗ್ರಂಥದಲ್ಲಿ ದಾಖಲಾಗಿಲ್ಲ. ಅವಳ ಪರವಾಗಿ ಸಾಕ್ಷಿ ನುಡಿದದ್ದು ಅವಳು ಹೊಲಿದ ಬಟ್ಟೆಗಳು. ತೋರಿಸಿದವರು ಅವನ್ನು ಪಡೆದವರು. ಧರ್ಮಸಭೆಯ ಮುಖ್ಯಸ್ಥರಾದ ಪೇತ್ರರು "ಇದೆಲ್ಲ ಹೆಂಗಸರ ವಿಷಯ" ಎಂದು ಅವರನ್ನು ತಡೆದು ನಿಲ್ಲಿಸಿದರೆಂದು ಗ್ರಂಥ ಹೇಳುವುದಿಲ್ಲ. ಅವರು ತೋರಿಸಿದರು. ಆಮೇಲೆ ಪೇತ್ರರು ಎಲ್ಲರನ್ನೂ ಹೊರಗೆ ಕಳುಹಿಸಿ ಮೊಣಕಾಲೂರಿ ಪ್ರಾರ್ಥಿಸಿದರು.

ಆದರೂ ನಿಮ್ಮಲ್ಲಿ ಕೆಲವರು ಕೇಳಬಹುದು: "ಫಾದರ್, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಯೇಸುಸ್ವಾಮಿಯೇ ಕಲಿಸಿದರಲ್ಲವೇ?" ನಿಜ. ಆದರೆ ಅದೇ ಪರ್ವತ ಪ್ರಸಂಗದಲ್ಲಿ, ಒಂದು ಅಧ್ಯಾಯ ಹಿಂದೆ, ದೀಪವನ್ನು ಹಚ್ಚಿ ಕೊಳಗದ ಕೆಳಗೆ ಇಡಬೇಡಿರೆಂದೂ ಅವರೇ ಕಲಿಸಿದರು. ಎರಡೂ ಒಂದೇ ಬಾಯಿಂದ ಬಂದ ಬೋಧನೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ಹಾಗಿಲ್ಲ.

ಮೂರು ಒರೆಗಲ್ಲುಗಳು

ಈ ತೊಡಕನ್ನು ಬಿಡಿಸಲು ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ನೆರವಾಗುತ್ತಾರೆ. ತಮ್ಮ ಬೃಹತ್ ದೈವಶಾಸ್ತ್ರ ಗ್ರಂಥದಲ್ಲಿ ಅವರು ವ್ಯರ್ಥ ಕೀರ್ತಿಯ ಬಗ್ಗೆ ವಿಚಾರ ಮಾಡಿದ್ದಾರೆ. ಒಳ್ಳೆಯದು ಬೆಳಕಿಗೆ ಬರುವುದು ಪಾಪವಲ್ಲ, ಹಾಗೆ ಬರಲಿ ಎಂದು ಬಯಸುವುದೂ ತನ್ನಷ್ಟಕ್ಕೆ ಪಾಪವಲ್ಲ ಎಂಬುದು ಅವರ ಮೊದಲ ಮಾತು. ಕೀರ್ತಿಯ ಬಯಕೆ ವ್ಯರ್ಥವಾಗುವುದು ಮೂರು ರೀತಿಯಲ್ಲಿ. ಕೀರ್ತಿಗೆ ಯೋಗ್ಯವಲ್ಲದ್ದಕ್ಕೆ ಕೀರ್ತಿ ಬಯಸಿದಾಗ. ಸರಿಯಾಗಿ ಬೆಲೆ ಕಟ್ಟಲಾರದವರಿಂದ ಅದನ್ನು ಬಯಸಿದಾಗ. ದೇವರ ಮಹಿಮೆಗಾಗಲೀ ನೆರೆಯವರ ಹಿತಕ್ಕಾಗಲೀ ಅದನ್ನು ಸಲ್ಲಿಸದೆ ತನ್ನಲ್ಲೇ ಇಟ್ಟುಕೊಂಡಾಗ.

ಈ ಮೂರು ಒರೆಗಲ್ಲುಗಳಿಗೆ ನಮ್ಮ ತಾಯಿಯ ಕೌದಿಯನ್ನು ಉಜ್ಜಿ ನೋಡಿ. ಅದು ಹೊಗಳಿಕೆಗೆ ಯೋಗ್ಯವೇ? ಬಟ್ಟೆಯೇನೋ ಹರಿದುಹೋಗುತ್ತದೆ. ಆದರೆ ಅದರಲ್ಲಿರುವ ತಾಳ್ಮೆ, ಹಳೆಯದನ್ನು ಹಾಳುಮಾಡದ ಮಿತವ್ಯಯ, ಮಲಗುವವರ ಮೇಲಿನ ಪ್ರೀತಿ, ಇವೆಲ್ಲ ಸದ್ಗುಣಗಳು. ಆಕೆ ಅದನ್ನು ಯಾರಿಗೆ ತೋರಿಸುತ್ತಿದ್ದಾಳೆ? ಸೂಜಿ ಹಿಡಿದು ಗೊತ್ತಿರುವ, ಹೊಲಿಗೆ ಎಲ್ಲಿ ಸುಕ್ಕುಗಟ್ಟಿದೆಯೆಂದು ನೋಡಿದೊಡನೆ ಹೇಳಬಲ್ಲ ಸಂಗಾತಿಗಳಿಗೆ. ಅದರಿಂದ ಯಾರಿಗೆ ಹಿತ? ಕಿರಿಯವಳೊಬ್ಬಳು ಅದನ್ನು ನೋಡಿ ಕಲಿಯುತ್ತಾಳೆ. ಮೂರರಲ್ಲೂ ಆಕೆ ಗೆಲ್ಲುತ್ತಾಳೆ.

ಅಕ್ವಿನಾಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಗರ್ವವೊಂದೇ ದೋಷವಲ್ಲ, ಅಲ್ಪಮನಸ್ಕತೆಯೂ ದೋಷ ಎನ್ನುತ್ತಾರೆ. ತನ್ನಲ್ಲಿರುವ ಶಕ್ತಿಯನ್ನು ಅರಿಯದೆ, ತನಗೆ ಸಾಧ್ಯವಾದ ಒಳಿತಿನಿಂದ ಹಿಂಜರಿಯುವುದೇ ಅಲ್ಪಮನಸ್ಕತೆ. ಅದಕ್ಕೆ ಅವರು ಕೊಡುವ ಉದಾಹರಣೆ, ಯಜಮಾನನು ಕೊಟ್ಟ ತಲೆಂತನ್ನು ನೆಲದಲ್ಲಿ ಹೂತಿಟ್ಟ ಆಳು. ಆವಿಲಾದ ಸಂತ ತೆರೇಸಮ್ಮನವರಂತೂ ನಮ್ರತೆಯೆಂದರೆ ಸತ್ಯದಲ್ಲಿ ನಡೆಯುವುದೆಂದೇ ತಿಳಿಸಿದ್ದಾರೆ. ಹಾಗಾದರೆ ಆರು ತಿಂಗಳ ದುಡಿಮೆಯನ್ನು "ಏನಿಲ್ಲ ಬಿಡಿ" ಎನ್ನುವುದು ಸತ್ಯವೇ? ಏನೋ ಇದೆ. ಇಲ್ಲವೆನ್ನುವುದು ನಮ್ರತೆಯ ವೇಷ ಹಾಕಿದ ಅಸತ್ಯ.

ಸಂಘವೆಂಬ ಕನ್ನಡಿ

ಕುಶಲಕರ್ಮಿಗಳು ಸಂಘ ಕಟ್ಟಿಕೊಳ್ಳುವುದು ಇಂದು ನಿನ್ನೆಯದಲ್ಲ. ನಮ್ಮ ದೇಶದಲ್ಲಿ ಇಂಥ ಸಂಘಗಳಿಗೆ ಶ್ರೇಣಿ ಎಂಬ ಹೆಸರಿತ್ತು. ಮಧ್ಯಪ್ರದೇಶದ ಮಂದಸೋರಿನಲ್ಲಿ ದೊರೆತ ಐದನೆಯ ಶತಮಾನದ ಶಾಸನವೊಂದು, ಲಾಟ ದೇಶದಿಂದ ವಲಸೆ ಬಂದ ರೇಷ್ಮೆ ನೇಕಾರರ ಶ್ರೇಣಿಯೊಂದು ಅಲ್ಲಿ ಸೂರ್ಯನಿಗೆ ಗುಡಿ ಕಟ್ಟಿಸಿದ್ದನ್ನು ಹೇಳುತ್ತದೆ. ಅದೇ ಶಾಸನದಲ್ಲಿ ಆ ನೇಕಾರರು ತಮ್ಮ ರೇಷ್ಮೆಯ ಅಂದವನ್ನೂ ಕೊಂಡಾಡಿಸಿಕೊಂಡಿದ್ದಾರೆ. ಯೂರೋಪಿನಲ್ಲಿ ಇವು ಗಿಲ್ಡ್‌ಗಳೆನಿಸಿದವು. ಇಟಲಿಯ ಫ್ಲಾರೆನ್ಸ್ ಪಟ್ಟಣದ ಪ್ರಧಾನಾಲಯದ ಕಟ್ಟಡದ ಹೊಣೆಯನ್ನು 1331ರಲ್ಲಿ ಹೊತ್ತದ್ದು ಅಲ್ಲಿಯ ಉಣ್ಣೆ ಕಸುಬಿನವರ ಗಿಲ್ಡ್. ಪ್ರತಿಯೊಂದು ಗಿಲ್ಡ್‌ಗೂ ಒಬ್ಬ ಪಾಲಕ ಸಂತರಿರುತ್ತಿದ್ದರು. ಕಾಯಿಲೆ ಬಿದ್ದ ಸದಸ್ಯನಿಗೆ ನೆರವು, ಸತ್ತವನಿಗೆ ಮಣ್ಣು, ಅವನ ಹೆಂಡತಿ ಮಕ್ಕಳಿಗೆ ಆಸರೆ ಇವೂ ಸಂಘದ ಕೆಲಸಗಳಾಗಿದ್ದವು. ಈ ಗಿಲ್ಡ್‌ಗಳು ಇಲ್ಲವಾದ ಮೇಲೆ ಕಾರ್ಮಿಕರು ದಿಕ್ಕಿಲ್ಲದವರಾದರೆಂದು ಜಗದ್ಗುರು ಹದಿಮೂರನೆಯ ಲಿಯೋರವರು 1891ರ ತಮ್ಮ ವಿಶ್ವಪತ್ರದಲ್ಲಿ ಮರುಗಿದ್ದಾರೆ.

ಅನೇಕ ಗಿಲ್ಡ್‌ಗಳಲ್ಲಿ ಕಸುಬು ಕಲಿತವನು ಗುರುವೆನಿಸಿಕೊಳ್ಳುವ ಮೊದಲು ತಾನೇ ಮಾಡಿದ ಒಂದು ವಸ್ತುವನ್ನು ಹಿರಿಯರ ಮುಂದೆ ಇಡಬೇಕಾಗಿತ್ತು. ಅದು ಮೆರೆಯುವುದಕ್ಕಲ್ಲ, ಪರೀಕ್ಷೆಗೆ ಒಡ್ಡಿಕೊಳ್ಳುವುದಕ್ಕೆ. ಇಲ್ಲಿಯೇ ತೋರಿಸುವುದಕ್ಕೂ ಮೆರೆಯುವುದಕ್ಕೂ ಇರುವ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಮೆರೆಯುವವನಿಗೆ ಹೊಗಳಿಕೆ ಮಾತ್ರ ಬೇಕು. ತೋರಿಸುವವನು ತಿದ್ದುಪಡಿಗೂ ಸಿದ್ಧನಾಗಿ ಬಂದಿರುತ್ತಾನೆ.

ಧಾರವಾಡದ ಕಸೂತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದರ ಗವಂತಿ ಮತ್ತು ಮುರ್ಗಿ ಎಂಬ ಹೊಲಿಗೆಗಳಲ್ಲಿ ಬಟ್ಟೆಯ ಮುಂಭಾಗ ಹೇಗೋ ಹಿಂಭಾಗವೂ ಹಾಗೇ ಕಾಣಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಆದ್ದರಿಂದ ಕೆಲಸ ಬಲ್ಲವರು ಸೀರೆಯನ್ನು ಕೈಗೆ ತೆಗೆದುಕೊಂಡರೆ ಹಿಂಬದಿಯನ್ನು ತಿರುಗಿಸಿ ನೋಡುತ್ತಾರೆ. ಅಂಥವರ ಮುಂದೆ ಕೆಲಸವನ್ನು ಬಿಚ್ಚಿಡುವುದು ಒಂದು ರೀತಿಯ ಪ್ರಾಮಾಣಿಕತೆ.

ಆದರೆ ಸಂಘಗಳ ಕೆಡುಕನ್ನೂ ಮುಚ್ಚಿಡಬಾರದು. ಆ ಹಳೆಯ ಗಿಲ್ಡ್‌ಗಳು ಹಲವೆಡೆ ಹೊರಗಿನವರಿಗೂ ಹೆಂಗಸರಿಗೂ ಬಾಗಿಲು ಮುಚ್ಚಿದವು. ಇಂದಿನ ನಮ್ಮ ಚಿಕ್ಕ ಸಂಘಗಳಲ್ಲೂ ಹೋಲಿಕೆ, ಅಸೂಯೆ, ಚುಚ್ಚುಮಾತು ನುಸುಳಬಹುದು. ಒಂದು ಸಂಘದ ಆರೋಗ್ಯವನ್ನು ಅಲ್ಲಿಯ ಅತ್ಯಂತ ಕುಶಲೆಯ ಕೆಲಸ ನೋಡಿ ಅಳೆಯಬೇಡಿ. ಮೊನ್ನೆ ಮೊನ್ನೆ ಕ್ರೋಷಾ ಕಡ್ಡಿ ಹಿಡಿದವಳು ತನ್ನ ಸೊಟ್ಟ ಹೆಣಿಗೆಯನ್ನು ಅಂಜದೆ ಹೊರತೆಗೆಯುತ್ತಾಳೆಯೇ ಎಂದು ನೋಡಿ. ಅವಳು ಚೀಲದಲ್ಲೇ ಬಚ್ಚಿಟ್ಟುಕೊಂಡು ಮನೆಗೆ ಮರಳಿದರೆ ಆ ಸಂಘಕ್ಕೆ ಏನೋ ರೋಗ ತಗುಲಿದೆ.

ಸಿದ್ದಿ ಅಕ್ಕಂದಿರ ಕವಂದಿ

ನಮ್ಮ ನಾಡಿನದೇ ಒಂದು ನಿದರ್ಶನವನ್ನು ನೋಡೋಣ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಜನರಿದ್ದಾರೆ. ಇವರ ಪೂರ್ವಿಕರು ಆಫ್ರಿಕದಿಂದ ಬಂದವರು. ಅವರಲ್ಲಿ ಹಲವರನ್ನು ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ತರಲಾಯಿತು. ತಪ್ಪಿಸಿಕೊಂಡವರು ಕಾಡು ಸೇರಿ ಬದುಕು ಕಟ್ಟಿಕೊಂಡರು. ಇವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ನಮ್ಮ ಕಥೋಲಿಕ ಸಹೋದರ ಸಹೋದರಿಯರೂ ಇದ್ದಾರೆ. 2003ರಲ್ಲಿ ಇವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು.

ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿ, ಲಂಗಗಳ ತುಂಡುಗಳಿಂದ ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ತಳಕ್ಕೆ ಒಂದು ಸೀರೆ ಹಾಸಿ ಒಂದು ಮೂಲೆಯಿಂದ ಹೊಲಿಗೆ ಆರಂಭಿಸುತ್ತಾರೆ. ಅಂಚನ್ನು ಹಿಡಿದು ಸುತ್ತುತ್ತಾ, ತುಂಡಿಗೆ ತುಂಡು ಸೇರಿಸುತ್ತಾ, ಸೀದಾ ಓಡುವ ಸಣ್ಣ ಹೊಲಿಗೆಯಲ್ಲೇ ಮೆಲ್ಲಮೆಲ್ಲನೆ ನಡುವಿಗೆ ಬರುತ್ತಾರೆ. ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬುದನ್ನು ಕಣ್ಣು ಹೇಳಿಕೊಡುತ್ತದೆ. ಕೊನೆಗೆ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಫೂಲ, ಅಂದರೆ ಹೂವು, ಕೂರಿಸುತ್ತಾರೆ. ಈ ಹೂವಿನಿಂದ ಚಳಿ ಕಡಿಮೆಯಾಗುವುದಿಲ್ಲ. ಆದರೂ ಅದಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆಯಿದ್ದಂತೆ. ಕ್ರೈಸ್ತ ಸಿದ್ದಿಗಳ ಕವಂದಿಗಳಲ್ಲಿ ಶಿಲುಬೆಯ ಆಕಾರ ಕಾಣಸಿಗುತ್ತದೆ, ಮುಸ್ಲಿಂ ಸಿದ್ದಿಗಳ ಕವಂದಿಗಳಲ್ಲಿ ಅರ್ಧಚಂದ್ರ. ಹೊಲಿಗೆ ಮಾತ್ರ ಒಂದೇ.

ಈ ಕವಂದಿಗಳು ತಲೆಮಾರುಗಳ ಕಾಲ ಮನೆಯ ಒಳಗೇ ಇದ್ದವು. ಮಕ್ಕಳು ಮೊಮ್ಮಕ್ಕಳು ಹೊದ್ದರು, ಹಾಸಿದರು, ಸವೆದು ಹೋದವು. 2004ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆನ್ರಿ ಡ್ರೂವಾಲ್ ಎಂಬವರ ನೆರವಿನಿಂದ ಸಿದ್ದಿ ಮಹಿಳೆಯರ ಕವಂದಿ ಸಹಕಾರ ಸಂಘ ಆರಂಭವಾಯಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಭಾಗದಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಅವರ ಕವಂದಿಗಳ ಪ್ರದರ್ಶನ ನಡೆಯಿತು. ಆಫ್ರಿಕ ಮೂಲದ ಜನರ ಚರಿತ್ರೆಯನ್ನು ಕಾಪಾಡುವ ಸಂಸ್ಥೆಯದು. ಗುಲಾಮಗಿರಿ ಲೋಕದ ದಿಕ್ಕು ದಿಕ್ಕಿಗೆ ಚದುರಿಸಿದ ಒಂದು ಜನಾಂಗದ ಎರಡು ಕವಲುಗಳು ಹಳೆಯ ಬಟ್ಟೆಯ ತುಂಡುಗಳ ಮುಂದೆ ಪರಸ್ಪರ ಭೇಟಿಯಾದವು ಎನ್ನಬಹುದು.

ಆ ತಾಯಂದಿರು ಕೂಡ "ಏನಿಲ್ಲ ಬಿಡಿ" ಎಂದು ಕವಂದಿಯನ್ನು ಮಡಿಸಿಟ್ಟಿದ್ದರೆ? ಯಾರ ಗರ್ವವೂ ಕಡಿಮೆಯಾಗುತ್ತಿರಲಿಲ್ಲ. ಒಂದು ಜನಾಂಗದ ಚರಿತ್ರೆಯ ಒಂದು ಪುಟ ಮಾತ್ರ ಮಡಿಕೆಯಲ್ಲೇ ಉಳಿಯುತ್ತಿತ್ತು.

ಮಾರಿದರೆ ಪ್ರೀತಿ ಕುಂದುವುದೇ?

ಇಲ್ಲಿ ಇನ್ನೊಂದು ಸಂದೇಹ ಏಳುತ್ತದೆ. ಮೊಮ್ಮಗುವಿಗೆಂದು ಹೊಲಿದದ್ದು ಪ್ರೀತಿ. ಗುರುತು ಪರಿಚಯವಿಲ್ಲದವರಿಗೆ ಮಾರಲೆಂದು ಹೊಲಿದದ್ದು ಬರೀ ವ್ಯಾಪಾರವಲ್ಲವೇ? ಅಗತ್ಯವಾಗಿ ಅಲ್ಲ. ಸಂತ ಪೌಲರು ಗುಡಾರ ಮಾಡುವ ಕಸುಬಿನಿಂದ ಹೊಟ್ಟೆ ಹೊರೆದುಕೊಂಡರು. ನಜರೇತಿನ ಬಡಗಿಯ ಮನೆಯೂ ದುಡಿಮೆಯ ಹಣದಿಂದಲೇ ನಡೆದಿರಬೇಕು. ಕೊಳ್ಳುವವರ ರುಚಿಗೆ ತಕ್ಕಂತೆ ಕುಣಿದು ಹೊಲಿಗೆ ಸಡಿಲವಾದರೆ ತಪ್ಪು. ಯಾರೋ ಅಪರಿಚಿತನೂ ಚಳಿಯಲ್ಲಿ ಬೆಚ್ಚಗೆ ಮಲಗಲಿ ಎಂದು ಗಟ್ಟಿಯಾಗಿ ಹೊಲಿದರೆ ಅದೂ ನೆರೆಯವರ ಮೇಲಿನ ಪ್ರೀತಿಯೇ.

ಹೆಚ್ಚಿನ ಅಪಾಯ ಇರುವುದು ಬೇರೆ ಕಡೆ. ಆಂಧ್ರಪ್ರದೇಶದ ನರಸಾಪುರದ ಸುತ್ತಮುತ್ತ ಹೆಂಗಸರು ಕ್ರೋಷಾ ಕಡ್ಡಿಯಿಂದ ಲೇಸ್ ಹೆಣೆಯುವುದಕ್ಕೆ ಹೆಸರಾದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಅಲ್ಲಿಗೆ ತಂದ ಕಲೆ ಇದು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಆ ಹೆಂಗಸರ ಬದುಕನ್ನು ಕುರಿತು 1982ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು. ಅವರು ಕಂಡದ್ದು ಇದು: ಲೇಸ್ ಹೊರದೇಶಕ್ಕೆ ಹೋಗುತ್ತಿತ್ತು, ವ್ಯಾಪಾರಿಗಳು ಹಣವಂತರಾಗುತ್ತಿದ್ದರು, ಹೆಣೆದವರಿಗೆ ಸಿಗುತ್ತಿದ್ದದ್ದು ಪುಡಿಗಾಸು. ಕಾರಣವೇನು? ಅವರು ಕಾರ್ಮಿಕರಲ್ಲ, ಮನೆಯಲ್ಲಿ ಬಿಡುವಿನ ವೇಳೆ ಕಳೆಯುವ ಗೃಹಿಣಿಯರು ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು. ದಿನವಿಡೀ ದುಡಿದರೂ ಆ ಹೆಸರು ಬದಲಾಗಲಿಲ್ಲ.

ಈಗ ಆ ತಾಯಿಯ ಮಾತನ್ನು ಮತ್ತೊಮ್ಮೆ ಕೇಳಿಸಿಕೊಳ್ಳಿ: "ಸುಮ್ಮನೆ ಹೊತ್ತು ಹೋಗಲೆಂದು ಮಾಡಿದ್ದು." ಕೇಳಲು ಮುಗ್ಧವಾದ ಈ ಮಾತು ಸಂತೆಯನ್ನು ತಲುಪಿದಾಗ ಕೂಲಿ ಕತ್ತರಿಸುವ ಕತ್ತರಿಯಾಗುತ್ತದೆ. ದುಡಿಮೆಯ ಬೆಲೆಯನ್ನು ನಿರ್ಧರಿಸುವಾಗ ಮೊದಲು ನೋಡಬೇಕಾದದ್ದು ಯಾವ ಕೆಲಸ ಎಂಬುದನ್ನಲ್ಲ, ಅದನ್ನು ಮಾಡುತ್ತಿರುವುದು ಒಬ್ಬ ಮನುಷ್ಯವ್ಯಕ್ತಿ ಎಂಬುದನ್ನು ಎಂದು ಜಗದ್ಗುರು ಎರಡನೆಯ ಜಾನ್ ಪಾಲರು 1981ರಲ್ಲಿ ದುಡಿಮೆಯ ಕುರಿತಾದ ವಿಶ್ವಪತ್ರದಲ್ಲಿ ಕಲಿಸಿದರು. ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಬೀಳುತ್ತದೆಂದು ಸಂತ ಯಕೋಬರ ಪತ್ರ ಎಚ್ಚರಿಸುತ್ತದೆ. ಹೊಲದ ಕೂಲಿಯಂತೆ ಸೂಜಿಯ ಕೂಲಿಯೂ ಕೂಗುತ್ತದೆ.

ಹೆಸರಿಲ್ಲದ ಕೈಗಳು

ಕೆಲವರು ತಮ್ಮ ಕೆಲಸವನ್ನು ಗುಪ್ತವಾಗಿಯೇ ಅರ್ಪಿಸಲು ಇಚ್ಛಿಸುತ್ತಾರೆ. ಅದನ್ನು ಗೌರವಿಸೋಣ. ಯೇಸುಸ್ವಾಮಿ ಶಿಲುಬೆಯ ಬಳಿಗೆ ಹೋದಾಗ ತೊಟ್ಟಿದ್ದ ಅಂಗಿಗೆ ಹೊಲಿಗೆಯೇ ಇರಲಿಲ್ಲ, ಅದು ಮೇಲಿನಿಂದ ಕೆಳತನಕ ಒಂದೇ ನೇಯ್ಗೆಯದ್ದಾಗಿತ್ತು ಎಂದು ಸಂತ ಯೊವಾನ್ನರ ಶುಭಸಂದೇಶ ಹೇಳುತ್ತದೆ. ನೇಯ್ದವರ ಹೆಸರು ಅಲ್ಲಿಲ್ಲ. ಆದರೆ ಕೆಲಸದ ವಿವರ ಉಳಿದಿದೆ. ಅದನ್ನು ಹರಿಯುವುದು ಬೇಡವೆಂದು ಆ ಕಠಿಣ ಮನಸ್ಸಿನ ಸೈನಿಕರಿಗೂ ಅನ್ನಿಸಿತು.

ಆದರೆ ಒಂದು ಭೇದವನ್ನು ಮರೆಯದಿರೋಣ. ತಾನಾಗಿಯೇ ಮರೆಯಲ್ಲಿರುವುದು ಆಕೆಯ ಸ್ವಾತಂತ್ರ್ಯ. ಆಕೆಯನ್ನು ಮರೆಯಲ್ಲಿಡುವುದು ನಮ್ಮ ಹಕ್ಕಲ್ಲ. ನಮ್ಮ ದೇವಾಲಯಗಳಲ್ಲಿ ಬಲಿಪೀಠದ ಬಟ್ಟೆಯ ಅಂಚಿಗೆ ಲೇಸ್ ಹೆಣೆದವರು ಯಾರು? ಪೂಜಾವಸ್ತ್ರದ ಮೇಲೆ ಗೋಧಿ ತೆನೆ, ದ್ರಾಕ್ಷಿ ಗೊಂಚಲು ಬಿಡಿಸಿದವರು ಯಾರು? ದಾನಿಗಳ ಹೆಸರು ಬೆಂಚಿನ ಮೇಲಿದೆ, ಫ್ಯಾನಿನ ರೆಕ್ಕೆಯ ಮೇಲೂ ಇದೆ. ತಿಂಗಳುಗಟ್ಟಲೆ ಕಣ್ಣು ಸವೆಸಿದವರ ಹೆಸರನ್ನು ನಾವು ಕೇಳುವುದೇ ಇಲ್ಲ. ಅವರು ಬೇಡವೆಂದರೇ? ಅಥವಾ ನಾವೇ ಕೇಳಲಿಲ್ಲವೇ?

ನಾವೇನು ಮಾಡಬಹುದು?

ಪ್ರಿಯ ಓದುಗರೇ, ಈ ಪ್ರಶ್ನೆಯ ಅರ್ಧಭಾಗ ತೋರಿಸುವವರಿಗೆ ಸೇರಿದ್ದಾದರೆ ಉಳಿದರ್ಧ ನೋಡುವ ನಮಗೆ ಸೇರಿದ್ದು. ತೋರಿಸುವುದು ಗರ್ವವಾಗದಿರಬೇಕಾದರೆ ನೋಡುವುದು ನ್ಯಾಯವಾಗಿರಬೇಕು. ಆದ್ದರಿಂದ ಕೆಲವು ಸಣ್ಣ ಸಲಹೆಗಳು.

ಮನೆಯಲ್ಲಿ ಅಮ್ಮನೋ ಅಜ್ಜಿಯೋ ಅತ್ತೆಯೋ ಹೊಲಿದದ್ದು, ಹೆಣೆದದ್ದು ಇದ್ದರೆ ಪೆಟ್ಟಿಗೆಯಿಂದ ಹೊರತೆಗೆಯಿರಿ. ಬೆಳಕಿಗೆ ಹಿಡಿದು ನೋಡಿ, ಹಿಂಬದಿಯನ್ನೂ ನೋಡಿ. "ಚೆನ್ನಾಗಿದೆ" ಎಂಬ ಒಂದು ಮಾತಿನಲ್ಲಿ ಮುಗಿಸಬೇಡಿ. ಎಷ್ಟು ದಿನ ಹಿಡಿಯಿತು, ಯಾರಿಂದ ಕಲಿತಿರಿ, ಈ ನೀಲಿ ತುಂಡು ಯಾರ ಸೀರೆಯದು ಎಂದು ವಿಚಾರಿಸಿ. ಮಕ್ಕಳಿಗೆ ಕಲಿಸಿ, ಗಂಡುಮಕ್ಕಳಿಗೂ ಸೂಜಿಗೆ ದಾರ ಪೋಣಿಸಲು ಬರಲಿ.

ಕೈಕೆಲಸದ ವಸ್ತುವನ್ನು ಕೊಳ್ಳುವಾಗ ಅಂಗಡಿಯ ಮಿಷಿನ್ ಕಂಬಳಿಯ ಬೆಲೆಗೆ ಹೋಲಿಸಿ ಚೌಕಾಸಿ ಮಾಡಬೇಡಿ. ದೊಡ್ಡ ಮಳಿಗೆಯಲ್ಲಿ ಬರೆದಿಟ್ಟ ಬೆಲೆಯನ್ನು ಮಾತಿಲ್ಲದೆ ಕೊಟ್ಟು ಬರುವ ನಾವು, ಬುಟ್ಟಿ ಹೊತ್ತು ಬಂದ ಹೆಂಗಸಿನ ಹತ್ತಿರ ಮಾತ್ರ ಹತ್ತು ರೂಪಾಯಿಗೆ ವಾದ ಮಾಡುವುದು ನಮ್ಮ ವಿಶ್ವಾಸಕ್ಕೆ ಒಪ್ಪುವ ನಡತೆಯೇ?

ಧರ್ಮಕೇಂದ್ರಗಳಲ್ಲಿ ಹೊಲಿಗೆ ಹೆಣಿಗೆ ಬಲ್ಲವರು ತಿಂಗಳಿಗೊಮ್ಮೆ ಸೇರಲು ಒಂದು ಕೋಣೆ, ಒಂದು ಉದ್ದನೆಯ ಮೇಜು, ಒಳ್ಳೆಯ ಬೆಳಕು ಇದ್ದರೆ ಸಾಕು. ಸಿದ್ದಿ ಅಕ್ಕಂದಿರಲ್ಲಿ ಮೂರು ಧರ್ಮದವರಿಗೂ ಸೂಜಿ ಒಂದೇ ಆಗಿರುವಂತೆ, ಈ ಮೇಜಿಗೂ ನೆರೆಹೊರೆಯವರೆಲ್ಲರೂ ಬರಬಹುದು. ಸ್ಪರ್ಧೆ ಬೇಡ, ಬಹುಮಾನ ಬೇಡ. ಕಣ್ಣು ಮಂಜಾಗಿ ಈಗ ಸೂಜಿ ಹಿಡಿಯಲಾರದ ಹಿರಿಯರನ್ನು ಕರೆತಂದು ಕೂರಿಸಿ. ಅವರ ಬೆರಳುಗಳು ಸ್ಪರ್ಶದಿಂದಲೇ ಹೊಲಿಗೆಯ ಗುಣ ಹೇಳಬಲ್ಲವು.

ತಾಯಂದಿರೇ, ನಿಮಗೂ ಒಂದು ಮಾತು. ಯಾರಾದರೂ "ಇದು ಯಾರು ಮಾಡಿದ್ದು?" ಎಂದು ಕೇಳಿದರೆ ಇನ್ನು ಮುಂದೆ ಸತ್ಯವನ್ನೇ ಹೇಳಿ: "ನಾನು ಮಾಡಿದೆ." ಆಮೇಲೆ, ಆ ಕೈಗಳನ್ನೂ ಅವುಗಳಿಗೆ ತಾಳ್ಮೆಯನ್ನೂ ಕೊಟ್ಟ ದೇವರಿಗೆ ಮನಸ್ಸಿನಲ್ಲೇ ಒಂದು ವಂದನೆ ಸಲ್ಲಿಸಿ.